ತೂಪ್, ತುಪ್ಪ

ಮಗಳಿಗೆ ಮೊನ್ನೆ ಮೂರು ತುಂಬಿತು. ಹೋದ ಹುಟ್ಟುಹಬ್ಬಕ್ಕೆ 'ಅಪ್ಪ ಬಾ' ಎಂದು ಎರಡೇ ಪದ ಜೋಡಿಸುತ್ತಿದ್ದವಳು ಈಗ ತುರ್ಭೆ ಸ್ಟೇಷನ್ನಿನಲ್ಲಿ "ಅಪ್ಪಾ, ಗಾಡಿ ಆಲೀ, ಜಲ್ದಿ ಬಾ!" ಎನ್ನುತ್ತಾಳೆ. ಠಾಣೆ-ವಾಶಿ ಲೋಕಲ್‌ನ ರಬಾಳೆ, ಘಣಸೋಲಿ, ಕೋಪರಖೈರಣೆ ಎಲ್ಲ ಬಾಯಿಪಾಠ.

ಯುಗಾದಿಯ ದಿನ ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ "ತಹಾನ್ ಲಾಗಲೀ" ಎಂದಳು. ಬಾಯಾರಿಕೆ ಎಂದು ಅಮ್ಮನಿಗೆ ತಿಳಿಯಲಿಲ್ಲ, ಸುಮ್ಮನೆ ನಕ್ಕರು. ಆ ನಗು ನನಗೆ ಚುಚ್ಚಿತು. ಮರುದಿನದಿಂದ ಮಗಳ ಒಂದೊಂದು ಮಾತನ್ನೂ ತಿದ್ದತೊಡಗಿದೆ. ವಾರದೊಳಗೆ ಅವಳು ನನ್ನೊಡನೆ ಮಾತನ್ನೇ ಕಡಿಮೆ ಮಾಡಿದಳು. ಆಫೀಸಿನ ಕೋಡ್ ರಿವ್ಯೂವನ್ನು ಮನೆಗೂ ತಂದಿದ್ದೆ!

ತಿದ್ದುವುದನ್ನು ಬಿಟ್ಟೆ. ಮೂರು ಭಾಷೆಗಳ ನಡುವೆ ಬೆಳೆಯುವ ಮಗು ಪದಗಳನ್ನು ಬೆರೆಸುವುದು ಸಹಜ. ಅದು ತಪ್ಪಲ್ಲ, ಕಲಿಕೆಯ ದಾರಿ. ಆದರೆ ಕನ್ನಡ ಕಿವಿಗೆ ಬೀಳದಿದ್ದರೆ ನಾಲಿಗೆಗೆ ಬರುವುದೆಲ್ಲಿಂದ? ಮನೆಯ ಹೊರಗೆ ಅದನ್ನಾಡುವವರು ಇಲ್ಲಿ ಕಡಿಮೆ. ಹಾಗಾಗಿ ರಾತ್ರಿಯ ಕಥೆ ಕನ್ನಡದಲ್ಲೇ. ಊಟಕ್ಕೆ ಕೂತು "ತೂಪ್" ಎಂದರೆ, "ತುಪ್ಪ ಬೇಕಾ ಪುಟ್ಟಿ?" ಎನ್ನುತ್ತಾ ಬಡಿಸುತ್ತೇನೆ. ಎರಡೂ ಎಷ್ಟು ಹತ್ತಿರದ ಪದಗಳು!

ಮೊನ್ನೆ ಫೋನಿನಲ್ಲಿ ಅವಳೇ ಹೇಳಿದಳು: "ಅಜ್ಜಿ, ನಂಗೆ ತುಪ್ಪ ಹಾಕು."

ಅಮ್ಮ ಈ ಸಲ ನಗಲಿಲ್ಲ. "ಯಾವಾಗ ಬರ್ತೀಯೇ?" ಎಂದರು. ಉತ್ತರ ಕೊಡಬೇಕಾದವನು ನಾನು.