ಲೆಕ್ಕ ಯಾರ ಕೈಯಲ್ಲಿ?

ಸಂಬಳ ಬಂದ ಹತ್ತೇ ದಿನಕ್ಕೆ ಕೈ ಬರಿದಾಗುವ ತರುಣರಿಗೆ ‘ಜಮಾಖರ್ಚು ಬರೆದಿಡಿ, ಮಿತವಾಗಿ ಬದುಕಿ’ ಎಂದು ಉಪದೇಶಿಸುವ ಮಹನೀಯರಿಗೆ ಬರವಿಲ್ಲ. ಸಾಲ ಕೊಡುವ ಕಂಪನಿಗಳೂ ಇದನ್ನೇ ಹೇಳುತ್ತವೆ. ಅದೇ ಬಾಯಲ್ಲಿ ಕಂತಿನ ಮೇಲೆ ಮೊಬೈಲ್ ಕೊಳ್ಳಲು ಕರೆಯುತ್ತವೆ!

ಲೆಕ್ಕವಿಡದಿರುವುದು ಸೋಮಾರಿತನವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಮಳೆ ಹಿಡಿದರೆ ಕೂಲಿಯಿಲ್ಲದ ಗಾರೆ ಕೆಲಸದವನು ತಿಂಗಳ ಆದಾಯವೆಂದು ಏನು ಬರೆಯಬೇಕು? ಬರೆದರೂ ಕಾಣುವುದು ತೂತು. ತುಂಬಲಾಗದ ತೂತನ್ನು ದಿನವೂ ನೋಡಲು ಯಾರಿಗೂ ಮನಸ್ಸು ಬಾರದು.

ಇನ್ನೊಂದು ಕಾರಣ ಹಳೆಯದು. ಬಡವನ ಲೆಕ್ಕ ಎಂದೂ ಬಡವನ ಮನೆಯಲ್ಲಿರಲಿಲ್ಲ. ಗೇಣಿ ಧಣಿಯ ಪುಸ್ತಕದಲ್ಲಿ, ಉದ್ರಿ ಅಂಗಡಿಯವನ ಪುಸ್ತಕದಲ್ಲಿ. 1951ರ ಕಾಗೋಡು ಸತ್ಯಾಗ್ರಹಕ್ಕೆ ಎಡೆಮಾಡಿದ ತಂಟೆಗಳಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರವೂ ಒಂದು. ಕೊಳಗದಲ್ಲಿ ಎಷ್ಟು ಸೇರು ಹಿಡಿಯುತ್ತದೆಂದು ಎಣಿಸಿದ ಮೇಲೆಯೇ ಅಲ್ಲವೇ ರೈತ ಎದ್ದು ನಿಂತದ್ದು?

ಆದ್ದರಿಂದ ತರುಣರಿಗೆ ಲೆಕ್ಕ ಬೇಕೇ ಬೇಕು. ಚಹಾ ಬಿಟ್ಟು ಹತ್ತು ರೂಪಾಯಿ ಉಳಿಸಲಿಕ್ಕಲ್ಲ. ಶೇಕಡಾ 12ರ ‘ಫ್ಲಾಟ್’ ಬಡ್ಡಿಗೆ 10,000 ರೂಪಾಯಿ ಪಡೆದು ವರ್ಷದಲ್ಲಿ 12 ಕಂತು ಕಟ್ಟುವವನು ಒಟ್ಟು 11,200 ತೆರುತ್ತಾನೆ. ಅಸಲು ತಿಂಗಳು ತಿಂಗಳೂ ತೀರುತ್ತ ಬರುವುದರಿಂದ ವರ್ಷವಿಡೀ ಅವನ ಬಳಿ ಸರಾಸರಿ ಇದ್ದ ಸಾಲ ಸುಮಾರು 5,400 ಮಾತ್ರ. ಅದಕ್ಕೆ 1,200 ಬಡ್ಡಿಯೆಂದರೆ ಶೇಕಡಾ 22! ಶಾಲೆಯಲ್ಲಿ ಬಡ್ಡಿ ಲೆಕ್ಕ ಕಲಿಸುತ್ತೇವೆ, ಸಾಲದ ಚೀಟಿ ಓದುವುದನ್ನು ಕಲಿಸುವುದಿಲ್ಲ.

ವರ್ಷಕ್ಕೆ 3 ಲಕ್ಷ ರೂಪಾಯಿಯೊಳಗಿನ ಆದಾಯದ ಮನೆಗೆ ಕಿರುಸಾಲ ಕೊಡುವಾಗ, ಆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದೆಂಬುದು ರಿಸರ್ವ್ ಬ್ಯಾಂಕಿನ 2022ರ ನಿಯಮ. ಮೀರಿದ್ದು ಮನೆಯವರಿಗೇ ತಿಳಿಯದಿದ್ದರೆ ಕೇಳುವವರಾರು? ವಸೂಲಿಗಾರರ ದೌರ್ಜನ್ಯ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಒಳ್ಳೆಯದೇ. ಆದರೆ ಅದು ಅವನು ಬಾಗಿಲಿಗೆ ಬಂದ ಮೇಲಿನ ಮಾತು.

ಕೂಲಿ ಹೆಚ್ಚದೆ ಯಾವ ಪುಸ್ತಕವೂ ಹೊಟ್ಟೆ ತುಂಬಿಸದು, ನಿಜ. ಆದರೆ ಅಕ್ಕಿಗೆ, ಬಾಡಿಗೆಗೆ, ಬಸ್ಸಿಗೆ, ಔಷಧಿಗೆ ಹೋದದ್ದನ್ನು ತಾರೀಖು ಸಮೇತ ಮುಂದಿಟ್ಟು ಕೂಲಿ ಕೇಳುವವನ ಬಾಯಿ ಮುಚ್ಚಿಸುವುದು ಸುಲಭವಲ್ಲ. 1963ರಲ್ಲಿ ಲೋಹಿಯಾ ಅವರು ಬಡವನ ದಿನದ ಆದಾಯ ಮೂರಾಣೆಯೆಂದು ಲೋಕಸಭೆಯಲ್ಲಿ ಲೆಕ್ಕ ಬಿಚ್ಚಿದಾಗ, ಹದಿನೈದಾಣೆಯೆಂದು ವಾದಿಸಲು ಸರ್ಕಾರವೂ ಲೆಕ್ಕದ ಕಣಕ್ಕೇ ಇಳಿಯಬೇಕಾಯಿತು.

ನಮ್ಮ ಶಾಖೆಗಳು ಮುಂದಿನ ಸಭೆಗೆ ಬರುವ ತರುಣರಿಗೆ ತಿಂಗಳ ಖರ್ಚಿನ ಚೀಟಿಯನ್ನೂ ಸಾಲದ ಕಾರ್ಡನ್ನೂ ತರಹೇಳಲಿ. ತಾಯಿ ಮಾಡಿದ ಸಂಘದ ಸಾಲ ಮಗನಿಗೆ ಗೊತ್ತಿರದ ಮನೆಗಳು ಬಹಳ. ಅವಳ ಕಾರ್ಡೂ ಬರಲಿ. ಸಾಧ್ಯವಾದರೆ ಅವಳೇ ಬರಲಿ.