ಟರ್ಬಿನಿಯಾ ಸಿರಿವಂತರ ಆಟಿಕೆಯಲ್ಲ

ಟರ್ಬಿನಿಯಾ ಎಂಬ ಹಳೆಯ ಉಗಿನೌಕೆ ಸಿರಿವಂತರ ವೇಗದ ಹುಚ್ಚು, ಬೀದರ್, ಭಾಲ್ಕಿ, ಔರಾದ್‌ನ ಶಾಲೆಗಳಲ್ಲಿ ಅದರ ಪಾಠ ಬೇಡ ಎಂಬುದು ಇತ್ತೀಚೆಗೆ ಪ್ರಕಟವಾದ ಲೇಖನವೊಂದರ ವಾದ. ಇದು ತಪ್ಪು.

1894ರಲ್ಲಿ ಎಂಜಿನಿಯರ್ ಚಾರ್ಲ್ಸ್ ಪಾರ್ಸನ್ಸ್ ಅದನ್ನು ಕಟ್ಟಿಸಿದ್ದು ವಿಹಾರಕ್ಕಲ್ಲ, ಉಗಿ ಟರ್ಬೈನ್ ಹಡಗನ್ನು ನಡೆಸಬಲ್ಲದೇ ಎಂದು ನೋಡಲು. ಮೊದಲ ಯತ್ನ ಸೋತಿತು. ಪ್ರೊಪೆಲರ್ ಅತಿವೇಗದಲ್ಲಿ ತಿರುಗಿದಾಗ ನೀರಿನಲ್ಲಿ ಗುಳ್ಳೆಗಳೆದ್ದು ತಳ್ಳುವ ಬಲವೇ ಕುಸಿಯುತ್ತಿತ್ತು. ಪಾರ್ಸನ್ಸ್ ತೊಟ್ಟಿಯೊಂದನ್ನು ಮಾಡಿಸಿ ಆ ಗುಳ್ಳೆಗಳನ್ನೇ ಪರೀಕ್ಷಿಸಿದರು. ಒಂದು ಟರ್ಬೈನ್ ಕಿತ್ತು ಮೂರನ್ನು ಕೂರಿಸಿದರು; ಮೂರು ಶಾಫ್ಟ್, ಒಂಬತ್ತು ಪ್ರೊಪೆಲರ್. 1897ರಲ್ಲಿ ಇಂಗ್ಲೆಂಡಿನ ಸ್ಪಿಟ್‌ಹೆಡ್‌ನಲ್ಲಿ ನಡೆದ ನೌಕಾ ಪ್ರದರ್ಶನದಲ್ಲಿ ಬೆನ್ನಟ್ಟಿದ ಗಸ್ತುದೋಣಿಗಳಿಗೆ ಅದು ಸಿಗಲಿಲ್ಲ.

ಟರ್ಬೈನಿನ ಲಾಭವನ್ನು ಯುದ್ಧನೌಕೆಗಳು ಬೇಗನೆ ಪಡೆದವು, ನಿಜ. ಆದರೆ 1901ರಲ್ಲೇ ‘ಕಿಂಗ್ ಎಡ್ವರ್ಡ್’ ಎಂಬ ಟರ್ಬೈನ್ ಹಡಗು ಸಾಮಾನ್ಯ ಪ್ರಯಾಣಿಕರನ್ನು ಹೊತ್ತಿತು. ಲೇಖಕರು ಇದನ್ನು ಹೇಳುವುದೇ ಇಲ್ಲ.

ನಮಗೇನು ಸಂಬಂಧ? ಭಾಲ್ಕಿಯ ರೈತ ಪಂಪನ್ನು ನೀರಿನ ಮಟ್ಟಕ್ಕಿಂತ ತೀರಾ ಎತ್ತರದಲ್ಲಿ ಕೂರಿಸಿದರೆ ಅದೇ ಬಗೆಯ ಗುಳ್ಳೆಗಳು ಪಂಪಿನೊಳಗೆ ತಿರುಗುವ ಚಕ್ರವಾದ ಇಂಪೆಲರನ್ನು ಕೊರೆದು ತಿನ್ನುತ್ತವೆ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಎಬ್ಬಿಸಿದ ಉಗಿ ತಿರುಗಿಸುವುದೂ ಟರ್ಬೈನನ್ನೇ. ಔರಾದ್‌ನ ಮಕ್ಕಳು ಇದನ್ನು ಕಲಿಯಬಾರದೆನ್ನಲು ಆ ಲೇಖನದಲ್ಲಿ ಒಂದು ಕಾರಣವೂ ಇಲ್ಲ.