ನೆಗಡಿಗೆ ಮೂಗು ಕೊಯ್ಯುವವರು

ಡೇಟಾಬೇಸ್ ಅಪ್‌ಗ್ರೇಡ್ ಎಲ್ಲಾದರೂ ಸಿಕ್ಕಿಕೊಂಡ ಕೂಡಲೇ ‘ಕ್ಯಾಸ್ಕೇಡ್ ಹಾಕು, ಮುಗಿಸು’ ಅನ್ನೋರ ಮೇಲೆ ನನ್ನದೊಂದು ತಕರಾರಿದೆ. ನೆಗಡಿ ಬಂತು ಅಂತ ಮೂಗು ಕೊಯ್ಯುವವನನ್ನು ಯಾರೂ ಡಾಕ್ಟರ್ ಅನ್ನೋದಿಲ್ಲ. ನಮ್ಮ ಆಫೀಸುಗಳಲ್ಲಿ ಮಾತ್ರ ಅಂಥವರಿಗೆ ‘ಟಿಕೆಟ್ ಬೇಗ ಕ್ಲೋಸ್ ಮಾಡ್ತಾರೆ’ ಅಂತ ಶಭಾಸ್‌ಗಿರಿ ಸಿಗುತ್ತೆ.

ವಿಷಯ ಇಷ್ಟು. ಪೋಸ್ಟ್‌ಗ್ರೆಸ್ ಸರ್ವರಿನ ಒಳಗೇ ಪೈಥಾನ್‌ನಲ್ಲಿ ಫಂಕ್ಷನ್ ಬರೆಯಬಹುದು. ಅದಕ್ಕೊಂದು ಭಾಷಾ ಎಕ್ಸ್‌ಟೆನ್ಶನ್ ಬೇಕು. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು. 2022ರ ಅಕ್ಟೋಬರಿನಲ್ಲಿ ಬಂದ ಪೋಸ್ಟ್‌ಗ್ರೆಸ್ 15 ಅದರ ಎಕ್ಸ್‌ಟೆನ್ಶನ್ನನ್ನೇ ಕೈಬಿಟ್ಟಿತು. ಹಳೇ ಸರ್ವರಿನ ಯಾವುದೋ ಮೂಲೆಯಲ್ಲಿ ಅದು ಉಳಿದಿದ್ದರೆ ಸಾಕು, ‘ಈ ಲೈಬ್ರರಿ ಹೊಸದರಲ್ಲಿ ಇಲ್ಲ’ ಅಂತ ಅಪ್‌ಗ್ರೇಡ್ ನಿಲ್ಲುತ್ತೆ. ಆಗ ಯಾರೋ ಒಬ್ಬ ಡ್ರಾಪ್ ಟೈಪ್ ಮಾಡಿ, ಹಿಂದೆ ಕ್ಯಾಸ್ಕೇಡ್ ಸೇರಿಸ್ತಾನೆ. ಆ ಭಾಷೆಯಲ್ಲಿ ಬರೆದ ಎಲ್ಲ ಫಂಕ್ಷನ್‌ಗಳು, ಅವುಗಳನ್ನೇ ನಂಬಿದ್ದ ಟ್ರಿಗರ್‌ಗಳು, ವ್ಯೂಗಳು ಒಟ್ಟಿಗೇ ಮಣ್ಣುಪಾಲು. ಅಪ್‌ಗ್ರೇಡ್ ಮಾತ್ರ ಸಲೀಸು!

ನಾನು ಜೇವರ್ಗಿ ಕಡೆಯವ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತೊಗರಿ ಬೆಳೆಗಾರರ ಪಟ್ಟಿಯಿದ್ದ ಸರ್ವರೊಂದು ನಮ್ಮ ಟೀಮಿಗೆ ಬಂದಾಗಲೂ ಇದೇ ಸಲಹೆ ಬಂತು. ಅಳಿಸೋಕೆ ಹೊರಟಿದ್ದ ಫಂಕ್ಷನ್ ಏನು ಮಾಡ್ತಿತ್ತು ಗೊತ್ತಾ? ಗುಂಟೆ ಲೆಕ್ಕವನ್ನು ಎಕರೆಗೆ ತಿರುಗಿಸ್ತಿತ್ತು. ನಮ್ಮಲ್ಲಿ 40 ಗುಂಟೆಗೆ ಒಂದು ಎಕರೆ. 95 ಗುಂಟೆ ಅಂದ್ರೆ 2 ಎಕರೆ 15 ಗುಂಟೆ.

‘ಸರಿ, ಅಳಿಸೋದು ಬೇಡ, ಭಾಷೆಯ ಹೆಸರನ್ನ ಪೈಥಾನ್ 3 ಅಂತ ಬದಲಾಯಿಸಿದ್ರಾಯ್ತು’ ಅಂದ ಇನ್ನೊಬ್ಬ ಜಾಣ. ಪೈಥಾನ್ 2ರಲ್ಲಿ 95ನ್ನು 40ರಿಂದ ಭಾಗಿಸಿದರೆ 2. ಅದೇ ಗೆರೆಗೆ ಪೈಥಾನ್ 3 ಕೊಡೋದು 2.375. ಹೊಲದ ಅಳತೆ ‘2.375 ಎಕರೆ 15 ಗುಂಟೆ’ ಆಗುತ್ತೆ. ಪಠ್ಯವಾಗಿ ಹೊರಬರೋದರಿಂದ ಒಂದು ಎರರೂ ಕಾಣಿಸಲ್ಲ. ಅಕ್ಷರಗಳದ್ದೂ ಇದೇ ಕಥೆ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟ್. ‘ಆಳಂದ’ದ ಉದ್ದ ಹಳೆಯದರಲ್ಲಿ 12, ಹೊಸದರಲ್ಲಿ 4. ಹೆಸರಿನ ಉದ್ದ ನೋಡಿ ಕತ್ತರಿಸುವ, ಹೋಲಿಸುವ ಕೋಡೆಲ್ಲ ಸದ್ದಿಲ್ಲದೆ ದಾರಿ ತಪ್ಪುತ್ತೆ.

ಟೈಮ್ ಇಲ್ಲ ಅಂತೀರಾ? ಕ್ಯಾಸ್ಕೇಡ್ ಇಲ್ಲದೆ ಬರೀ ಡ್ರಾಪ್ ಕೊಟ್ಟು ನೋಡಿ. ಪೋಸ್ಟ್‌ಗ್ರೆಸ್ ಒಪ್ಪೋದಿಲ್ಲ, ಯಾವ್ಯಾವುದು ಇದನ್ನ ನಂಬಿಕೊಂಡಿದೆ ಅಂತ ಪಟ್ಟಿ ಕೊಡುತ್ತೆ. ಪುಕ್ಕಟೆ ಸಿಗೋ ಆ ಪಟ್ಟಿಯೇ ನಿಮ್ಮ ಕೆಲಸದ ನಕ್ಷೆ. ಸರ್ವರಿನಲ್ಲಿರೋ ಪ್ರತಿ ಡೇಟಾಬೇಸಿನಲ್ಲೂ ಹೀಗೆ ಹುಡುಕಿ, ಟೆಂಪ್ಲೇಟ್‌ಒನ್ ಅನ್ನೂ ಬಿಡದೆ. ಫಂಕ್ಷನ್‌ಗಳನ್ನ ಓದಿ, ಪೈಥಾನ್ 3ಕ್ಕೆ ತಿದ್ದಿ. ಭಾಗಾಕಾರಕ್ಕೆ ಒಂದು ಓರೆಗೆರೆಯ ಜಾಗದಲ್ಲಿ ಎರಡು ಹಾಕಿದರೆ ಗುಂಟೆ ಲೆಕ್ಕ ನೆಟ್ಟಗಾಗುತ್ತೆ. ಹಳೇ ಫಲಿತಾಂಶ, ಹೊಸ ಫಲಿತಾಂಶ ಎರಡನ್ನೂ ಸಾಲುಸಾಲಾಗಿ ತಾಳೆ ನೋಡಿ. ಆಮೇಲೆ ಹಳೇ ಎಕ್ಸ್‌ಟೆನ್ಶನ್ ತೆಗೆದು, ಚೆಕ್ ಓಡಿಸಿ, ಅಪ್‌ಗ್ರೇಡ್ ಮಾಡಿ.

ಪೈಥಾನ್ 2 ಉಳೀಬೇಕು ಅಂತ ನಾನು ಹೇಳ್ತಿಲ್ಲ. ಸುರಕ್ಷತಾ ತಿದ್ದುಪಡಿ ನಿಂತುಹೋದ ಸರ್ವರನ್ನ ಭಯದಿಂದ ತಬ್ಬಿಕೊಂಡು ಕೂರೋದೂ ಸೋಮಾರಿತನವೇ. ಆದರೆ ಆ ಕೋಡಿನೊಳಗೆ ಯಾರೋ ಬರೆದಿಟ್ಟ ನಿಯಮವಿದೆ, ಅದರಾಚೆ ಯಾರದೋ ಹೊಲವಿದೆ. ನೀವು ಬೆಂಗಳೂರಿನಲ್ಲಿ ಕೂತು ಓದದೇ ಅಳಿಸಿದ್ದಕ್ಕೆ ಅಫಜಲಪುರದ ರೈತ ದಿನಗೂಲಿ ಬಿಟ್ಟು ಬಂದು ಕಿಟಕಿ ಮುಂದೆ ‘ಸಿಸ್ಟಮ್‌ನಾಗ ತಪ್ಪು ತೋರಿಸ್ಲಿಕತ್ತದ, ನಾಳಿ ಬರ್ರಿ’ ಅನ್ನೋ ಮಾತು ಕೇಳಿಸ್ಕೊಳ್ತಾನೆ. ಆ ನಾಳೆ ನಿಮ್ಮ ಡೌನ್‌ಟೈಮ್ ಲೆಕ್ಕದಲ್ಲಿ ಬರೋದೇ ಇಲ್ಲ.